ದೂರದ ಪೆಟ್ಟಿಗೆಯಲ್ಲಿರುವ ನಮ್ಮ ಪತ್ರಗಳು

‘ಲೈಬ್ರರಿ’ ಎಂದೊಡನೆ ಸಂಘದ ಸದಸ್ಯರ ಕಣ್ಣಮುಂದೆ ಬರುವುದು ಗೋಡೆಗೆ ಒರಗಿ ನಿಂತ ಗಾಜಿನ ಕಪಾಟು, ಬೀಗದ ಕೈ ಇಟ್ಟುಕೊಂಡ ಗ್ರಂಥಪಾಲರು, ತೆಗೆದುಕೊಂಡು ಹೋದವರು ಹಿಂದಿರುಗಿಸದ ಕಾದಂಬರಿಗಳ ಉದ್ದನೆಯ ಪಟ್ಟಿ. ಆದರೆ ಕಂಪ್ಯೂಟರ್ ಕೆಲಸದಲ್ಲಿರುವ ಮನೆಯ ಮಕ್ಕಳು ಊಟದ ಹೊತ್ತಿನಲ್ಲಿ “ಅದಕ್ಕೊಂದು ಲೈಬ್ರರಿ ಇದೆಯಪ್ಪಾ, ಹತ್ತು ಸಾಲಿನಲ್ಲಿ ಮುಗಿದುಹೋಗುತ್ತೆ” ಎಂದರೆ, ಅವರು ಹೇಳುತ್ತಿರುವ ಲೈಬ್ರರಿ ಬೇರೆಯದು. ಅಲ್ಲಿ ಕಪಾಟೂ ಇಲ್ಲ, ಪುಸ್ತಕವೂ ಇಲ್ಲ.

ಅದು ಏನೆಂಬುದನ್ನು ನಮ್ಮ ಗೃಹಿಣಿಯರಿಗೆ ತಿಳಿಸುವುದು ಸುಲಭ. ಪ್ರತಿದಿನ ಸಾರು ಮಾಡುವಾಗಲೂ ಕೊತ್ತಂಬರಿ ಬೀಜ, ಮೆಣಸಿನಕಾಯಿ, ಜೀರಿಗೆ, ಮೆಂತ್ಯಗಳನ್ನು ಹೊಸದಾಗಿ ಹುರಿದು ಕುಟ್ಟುತ್ತ ಯಾರೂ ಕೂರುವುದಿಲ್ಲ. ಒಮ್ಮೆ ಹದವಾಗಿ ಮಾಡಿಟ್ಟ ಪುಡಿ ಡಬ್ಬಿಯಲ್ಲಿರುತ್ತದೆ. ಬೇಕಾದಾಗ ಎರಡು ಚಮಚ ಹಾಕಿದರಾಯಿತು. ಊರಿನಿಂದ ಅತ್ತೆ ಕಳಿಸಿದ ಪುಡಿಯಾದರೂ ಸರಿ, ಅದರ ಅಳತೆಯೆಲ್ಲ ನಮಗೆ ಗೊತ್ತಿರಬೇಕೆಂಬ ನಿಯಮವಿಲ್ಲ. ಕಂಪ್ಯೂಟರಿಗೆ ಕಾರ್ಯಕ್ರಮ ಬರೆಯುವವರ ಲೈಬ್ರರಿಯೂ ಹೀಗೆಯೇ. ಬಹಳ ಜನಕ್ಕೆ ಬೇಕಾಗುವ ಒಂದು ಕೆಲಸವನ್ನು ಬಲ್ಲವರೊಬ್ಬರು ಒಮ್ಮೆ ಸರಿಯಾಗಿ ಬರೆದಿಟ್ಟಿರುತ್ತಾರೆ. ಉಳಿದವರು ಅದನ್ನು ಕರೆದು ಉಪಯೋಗಿಸುತ್ತಾರೆ.

ಇಂಥ ಲೈಬ್ರರಿಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಒಂದನ್ನು ಕುರಿತು ಈ ಸಂಚಿಕೆಯಲ್ಲಿ ಬರೆಯುತ್ತೇವೆ. ದೂರದ ಯಂತ್ರದಲ್ಲಿ ಇರಿಸಿರುವ ನಮ್ಮ ಇ-ಮೇಲ್ ಪತ್ರಗಳನ್ನು ಇಲ್ಲಿ ಕುಳಿತು ಹುಡುಕುವ, ಓದುವ, ವಿಂಗಡಿಸುವ, ನಕಲು ಮಾಡುವ ಲೈಬ್ರರಿ ಅದು. ಇದು ಎಂಜಿನಿಯರುಗಳ ವಿಷಯ, ನಮಗೇಕೆ ಎಂದು ವಾಚಕರು ಪುಟ ತಿರುವಬಾರದು. ಊರು ಬಿಟ್ಟು ಬಂದ ಸಂಸಾರಗಳಿಗೆ ಪತ್ರವೆಂಬುದು ಎಂಥ ಆಸ್ತಿಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಆಸ್ತಿ ಈಗ ಎಲ್ಲಿದೆ, ಯಾರ ವಶದಲ್ಲಿದೆ ಎಂಬುದೇ ಇಲ್ಲಿನ ಪ್ರಶ್ನೆ.

ಎರಡು ಪದ್ಧತಿಗಳು

1971ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸಿ ತೋರಿಸಿದರು. ಹೆಸರಿಗೂ ವಿಳಾಸಕ್ಕೂ ನಡುವೆ ಇಂದು ನಾವು ಬರೆಯುವ ‘ಅಟ್’ ಚಿಹ್ನೆಯನ್ನು ಆರಿಸಿದವರೂ ಅವರೇ. ಆಗ ಪತ್ರ ಬಂದ ಯಂತ್ರದ ಮುಂದೆಯೇ ಕುಳಿತು ಜನ ಅದನ್ನು ಓದುತ್ತಿದ್ದರು. ಮನೆಗೊಂದು, ಮೇಜಿಗೊಂದು ಸಣ್ಣ ಕಂಪ್ಯೂಟರು ಬಂದಮೇಲೆ ತೊಡಕು ಹುಟ್ಟಿತು. ಪತ್ರ ಬಂದು ಬೀಳುವುದು ಸದಾ ಎಚ್ಚರವಿರುವ ದೊಡ್ಡ ಯಂತ್ರದಲ್ಲಿ. ಅದಕ್ಕೆ ಸರ್ವರ್ ಎಂದು ಹೆಸರು. ಓದುವವನು ಇರುವುದು ಮತ್ತೆಲ್ಲೋ. ಈ ಎರಡರ ನಡುವೆ ವ್ಯವಹಾರ ಹೇಗೆ?

ಮೊದಲು ಬಂದ ಉತ್ತರ 1984ರ ‘ಪೋಸ್ಟ್ ಆಫೀಸ್ ಪ್ರೋಟೊಕಾಲ್’, ಚಿಕ್ಕದಾಗಿ ‘ಪಾಪ್’. ಹೆಸರೇ ಹೇಳುವಂತೆ ಇದು ಅಂಚೆ ಕಚೇರಿಗೆ ಹೋಗಿ ನಮ್ಮ ಹೆಸರಿಗೆ ಬಂದದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬರುವ ಪದ್ಧತಿ. ಸಾಮಾನ್ಯ ರೂಢಿಯಲ್ಲಿ, ಪತ್ರಗಳು ಮನೆಗೆ ಬಂದಮೇಲೆ ಸರ್ವರಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಂದೇ ಕಂಪ್ಯೂಟರು ಇದ್ದವನಿಗೆ ಇದು ಸಾಕು. ಕಚೇರಿಯಲ್ಲೊಂದು, ಮನೆಯಲ್ಲೊಂದು ಇದ್ದವನ ಪಾಡು ಕೇಳಬೇಡಿ. ಅಲ್ಲಿಗೆ ಬಂದ ಪತ್ರ ಇಲ್ಲಿಲ್ಲ, ಇಲ್ಲಿರುವುದು ಅಲ್ಲಿಲ್ಲ.

ಎರಡನೆಯ ಪದ್ಧತಿಯನ್ನು 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ರೂಪಿಸಿದರು. ಅವರ ವಿಚಾರ ತಲೆಕೆಳಗು. ಪತ್ರಗಳು ಅಂಚೆ ಕಚೇರಿಯಲ್ಲೇ ಇರಲಿ. ನಾವು ಎಲ್ಲಿಂದಾದರೂ ಕಿಟಕಿಯ ಬಳಿ ಬಂದು, ಬೇಕಾದ ಪತ್ರವನ್ನು ಮಾತ್ರ ತೋರಿಸೆಂದು ಗುಮಾಸ್ತನನ್ನು ಕೇಳೋಣ. ಓದಿದೆವೋ ಇಲ್ಲವೋ, ಉತ್ತರ ಬರೆದೆವೋ ಇಲ್ಲವೋ ಎಂಬ ಗುರುತನ್ನೂ ಅವನೇ ಹಾಕಿಟ್ಟುಕೊಳ್ಳಲಿ. ಇದೇ ‘ಐಮ್ಯಾಪ್’. ಇಂದು ಫೋನಿನಲ್ಲಿ ಓದಿದ ಪತ್ರ ಕಂಪ್ಯೂಟರಿನಲ್ಲಿಯೂ ಓದಿದ್ದೆಂದೇ ಕಾಣುವುದು ಈ ವಿಚಾರದ ಫಲ.

ಇದರ ಹೆಸರಿನಲ್ಲೊಂದು ಸ್ವಾರಸ್ಯವಿದೆ. ‘ಐ’ ಎಂಬುದಕ್ಕೆ ಈಗ ‘ಇಂಟರ್‌ನೆಟ್’ ಎಂದರ್ಥ. ಮೊಟ್ಟಮೊದಲು ಅದು ‘ಇಂಟೆರಿಮ್’, ಅಂದರೆ ತಾತ್ಪೂರ್ತಿಕ, ಎಂದಿತ್ತು. ಅಂದಿನ ಮಟ್ಟಿಗೆಂದು ಇಟ್ಟ ವ್ಯವಸ್ಥೆ ಇಂದಿಗೂ ನಡೆದಿದೆ. 1994ರಲ್ಲಿ ಅದರ ನಾಲ್ಕನೆಯ ರೂಪ ಬಂದಿತು. 2003ರಲ್ಲಿಯೂ 2021ರಲ್ಲಿಯೂ ಅದನ್ನು ತಿದ್ದಿ ಹೊರತಂದರು. ಎರಡು ವರ್ಷದ ಮಟ್ಟಿಗೆಂದು ಮುಂಬಯಿಗೋ ಪುಣೆಗೋ ಬಂದು ಮೂರು ತಲೆಮಾರು ನೆಲೆಸಿದ ನಮ್ಮ ಸಂಸಾರಗಳಿಗೆ ಈ ಬಗೆಯ ‘ತಾತ್ಪೂರ್ತಿಕ’ದ ಅರ್ಥ ಚೆನ್ನಾಗಿ ಗೊತ್ತು.

ದುಭಾಷಿಯ ಕೆಲಸ

ಸರ್ವರಿನೊಡನೆ ಐಮ್ಯಾಪ್ ಭಾಷೆಯಲ್ಲಿ ಮಾತನಾಡಬೇಕಷ್ಟೆ. ಅದಕ್ಕೊಂದು ಕ್ರಮವಿದೆ. ಹಿಂದೆ ಬ್ಯಾಂಕಿನಲ್ಲಿ ಚೆಕ್ಕು ಕೊಟ್ಟಾಗ ಗುಮಾಸ್ತರು ಒಂದು ಹಿತ್ತಾಳೆಯ ಬಿಲ್ಲೆಯನ್ನು ಕೈಗಿಡುತ್ತಿದ್ದರು. ಹಣ ಬಂದಾಗ ಆ ಸಂಖ್ಯೆಯನ್ನು ಕೂಗುತ್ತಿದ್ದರು. ಐಮ್ಯಾಪಿನಲ್ಲಿ ಬಿಲ್ಲೆಯನ್ನು ಕೊಡುವವರು ನಾವು. ನಾವು ಹೇಳುವ ಪ್ರತಿ ಆಜ್ಞೆಗೂ ಒಂದು ಗುರುತು ಹಚ್ಚುತ್ತೇವೆ. ಸರ್ವರು ಕೆಲಸ ಮುಗಿಸಿ ಅದೇ ಗುರುತಿನೊಡನೆ ‘ಆಯಿತು’ ಎಂದೋ ‘ಆಗಲಿಲ್ಲ’ ಎಂದೋ ಹೇಳುತ್ತದೆ. ನಡುವೆ ಕೇಳದೆಯೂ ಕೆಲವು ಸುದ್ದಿ ಹೇಳುತ್ತದೆ, ‘ಈಗ ಒಂದು ಹೊಸ ಪತ್ರ ಬಂತು’ ಎಂಬಂತೆ. ಇವನ್ನೆಲ್ಲ ಕಿವಿಗೊಟ್ಟು ಕೇಳಿ, ಬೇರ್ಪಡಿಸಿ, ಅರ್ಥ ಮಾಡಿಕೊಳ್ಳುವುದು ತಾಳ್ಮೆಯ ಕೆಲಸ. ಲೈಬ್ರರಿ ಮಾಡುವುದು ಈ ದುಭಾಷಿಯ ಕೆಲಸವನ್ನು.

ಪೈಥಾನ್ ಎಂಬ ಭಾಷೆಯನ್ನು ಕಲಿತ ಮಕ್ಕಳು ಈಗ ಮನೆಮನೆಯಲ್ಲಿದ್ದಾರೆ. ಆ ಭಾಷೆಯ ಜೊತೆಯಲ್ಲೇ, ಬಿಡಿಕಾಸಿನ ಖರ್ಚಿಲ್ಲದೆ, ‘ಐಮ್ಯಾಪ್‌ಲಿಬ್’ ಎಂಬ ಲೈಬ್ರರಿ ಬರುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಪಿಯರ್ಸ್ ಲಾಡರ್ 1997ರ ಡಿಸೆಂಬರಿನಲ್ಲಿ ಬರೆದದ್ದು ಅದು. ಉಪಯೋಗಿಸುವ ಬಗೆ ಹೀಗೆ. ಮೊದಲು ಸರ್ವರಿನ ವಿಳಾಸ ಹೇಳಿ 993ನೆಯ ದ್ವಾರದಲ್ಲಿ ಸಂಪರ್ಕ. ಇದು ಮಾತನ್ನು ಗುಪ್ತಲಿಪಿಯಲ್ಲಿ ಒಯ್ಯುವ ದ್ವಾರ, 143ನೆಯದು ಹಳೆಯದು. ಆಮೇಲೆ ‘ಲಾಗಿನ್’ ಎಂದು ಗುರುತು ಹೇಳಿ ಒಳಗೆ ಹೋಗುವುದು. ‘ಸೆಲೆಕ್ಟ್’ ಎಂದು ಒಂದು ಪೆಟ್ಟಿಗೆಯನ್ನು ತೆರೆಯುವುದು. ‘ಸರ್ಚ್’ ಎಂದು ಹುಡುಕುವುದು. ‘ಫೆಚ್’ ಎಂದು ಪತ್ರವನ್ನು ತರಿಸಿಕೊಳ್ಳುವುದು. ಕೊನೆಗೆ ‘ಲಾಗೌಟ್’ ಎಂದು ಬಾಗಿಲು ಹಾಕಿಕೊಂಡು ಬರುವುದು.

ಇದರಲ್ಲಿ ಹುಡುಕಾಟದ ಸೊಗಸನ್ನು ಗಮನಿಸಬೇಕು. 2008ರಿಂದ 2012ರವರೆಗೆ ಅಪ್ಪ ಬರೆದ ಪತ್ರಗಳೆಲ್ಲ ಬೇಕೆನ್ನಿ. ಇಪ್ಪತ್ತು ಸಾವಿರ ಪತ್ರಗಳನ್ನು ಇಲ್ಲಿಗೆ ತರಿಸಿ ಒಂದೊಂದನ್ನೇ ತೆರೆದು ನೋಡಬೇಕಾಗಿಲ್ಲ. ಇಂಥವರಿಂದ, ಈ ತಾರೀಖಿನಿಂದ, ಈ ತಾರೀಖಿನವರೆಗೆ ಎಂದರೆ ಸರ್ವರೇ ತನ್ನಲ್ಲಿ ಹುಡುಕಿ ಸಂಖ್ಯೆಗಳ ಪಟ್ಟಿಯನ್ನಷ್ಟೇ ಕಳಿಸುತ್ತದೆ. ಆ ಪಟ್ಟಿಯಲ್ಲಿ ಇದ್ದವನ್ನು ಮಾತ್ರ ತರಿಸಿದರಾಯಿತು.

ಸಂಖ್ಯೆಯ ವಿಷಯದಲ್ಲಿ ಎಚ್ಚರ ಬೇಕು. ಪ್ರತಿ ಪತ್ರಕ್ಕೂ ಎರಡು ಸಂಖ್ಯೆಗಳಿರುತ್ತವೆ. ಒಂದು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಸ್ಥಾನದಂತೆ; ಮುಂದಿನವನು ಹೊರಟುಹೋದರೆ ನಮ್ಮ ಸ್ಥಾನವೂ ಬದಲಾಗುತ್ತದೆ. ಇನ್ನೊಂದು ರೇಷನ್ ಕಾರ್ಡಿನ ಸಂಖ್ಯೆಯಂತೆ. ಸಾಲು ಹೇಗೆ ಸರಿದರೂ ಅದು ಬದಲಾಗದು. ಇದಕ್ಕೆ ‘ಯುಐಡಿ’ ಎನ್ನುತ್ತಾರೆ. ಸಾಲಿನ ಸಂಖ್ಯೆಯನ್ನು ನೆಚ್ಚಿ ‘ಹದಿನೇಳನೆಯದನ್ನು ಅಳಿಸು’ ಎಂದು ಬರೆದ ಕಾರ್ಯಕ್ರಮ, ನಡುವೆ ಒಂದು ಪತ್ರ ಹೋಗಿದ್ದರೆ, ಬೇಡದ ಪತ್ರವನ್ನು ಬಿಟ್ಟು ಬೇಕಾದದ್ದನ್ನು ಅಳಿಸೀತು. ಆದ್ದರಿಂದ ಬಲ್ಲವರು ಯಾವಾಗಲೂ ಯುಐಡಿಯನ್ನೇ ಹಿಡಿಯುತ್ತಾರೆ.

ಅಳಿಸುವುದೂ ಎರಡು ಹೆಜ್ಜೆಯ ಕೆಲಸ. ಮೊದಲು ಪತ್ರದ ಮೇಲೆ ‘ಅಳಿಸಬೇಕಾದದ್ದು’ ಎಂಬ ಗುರುತು ಬೀಳುತ್ತದೆ. ಪತ್ರ ಇನ್ನೂ ಅಲ್ಲೇ ಇರುತ್ತದೆ, ಗುರುತನ್ನು ತೆಗೆದರೆ ಬದುಕಿತು. ‘ಎಕ್ಸ್‌ಪಂಜ್’ ಎಂಬ ಆಜ್ಞೆ ಕೊಟ್ಟ ಮೇಲೆ ಮಾತ್ರ ಅದು ಪೆಟ್ಟಿಗೆಯಿಂದ ಹೋಗುತ್ತದೆ. ಕ್ರಿಸ್ಪಿನ್ ಮಹಾಶಯರು ಮನುಷ್ಯ ಸ್ವಭಾವವನ್ನು ಬಲ್ಲವರಾಗಿದ್ದರೆಂದು ನಮಗೆ ತೋರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯ ನಡುವೆ ಅವರು ಒಂದು ಉಸಿರಿನಷ್ಟು ಬಿಡುವು ಇಟ್ಟರು.

ಕನ್ನಡದ ಪಾಡು

ಇ-ಮೇಲ್ ಹುಟ್ಟಿದಾಗ ಅದಕ್ಕೆ ಗೊತ್ತಿದ್ದುದು ಇಂಗ್ಲಿಷ್ ಅಕ್ಷರಗಳು ಮಾತ್ರ. ಬೇರೆ ಲಿಪಿಗಳನ್ನೂ ಚಿತ್ರಗಳನ್ನೂ ಪತ್ರದಲ್ಲಿ ಕಳಿಸುವ ‘ಮೈಮ್’ ಎಂಬ ಕಟ್ಟಳೆಯನ್ನು ನೇಥನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಹಿಂದೆ, 1991ರಲ್ಲಿ, ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೂ ಕನ್ನಡ ಪತ್ರ ಇಂದಿಗೂ ದಾರಿಯಲ್ಲಿ ವೇಷ ಹಾಕಿಕೊಂಡೇ ಪ್ರಯಾಣ ಮಾಡುವುದು ಸಾಮಾನ್ಯ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಅದು ಐದು ಚಿಹ್ನೆ: ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಒಂದೊಂದಕ್ಕೂ ಮೂರು ಬೈಟುಗಳಂತೆ ಹದಿನೈದು ಬೈಟು. ಪ್ರತಿ ಮೂರು ಬೈಟನ್ನು ನಾಲ್ಕು ಇಂಗ್ಲಿಷ್ ಅಕ್ಷರವಾಗಿ ಬರೆಯುವ ‘ಬೇಸ್ 64’ ಎಂಬ ಕ್ರಮದಲ್ಲಿ ಅದು ಇಪ್ಪತ್ತು ಅಕ್ಷರವಾಗುತ್ತದೆ. ಬರಿಯ ಕನ್ನಡದ ಬರಹವನ್ನು ಹೀಗೆ ಬರೆದರೆ ಪ್ರತಿ ಚಿಹ್ನೆಯೂ ‘4ಎಲ್‌ಕೆ’ ಎಂದೋ ‘4ಎಲ್‌ಒ’ ಎಂದೋ ಆರಂಭವಾಗುತ್ತದೆ. ಲೈಬ್ರರಿಯ ಮೂಲಕ ಪತ್ರದ ವಿಷಯದ ಸಾಲನ್ನು ತರಿಸಿ ನೋಡಿದ ಮಕ್ಕಳು “ಅಜ್ಜಿಯ ಪತ್ರವೆಲ್ಲ ಕೆಟ್ಟುಹೋಗಿದೆ” ಎಂದು ಗಾಬರಿಯಾದರೆ, ಕೆಟ್ಟಿಲ್ಲ, ವೇಷ ಕಳಚಿಲ್ಲ ಅಷ್ಟೇ ಎಂದು ಹೇಳಿ. ಪೈಥಾನಿನಲ್ಲಿಯೇ ಇರುವ ‘ಇಮೇಲ್’ ಎಂಬ ಇನ್ನೊಂದು ಲೈಬ್ರರಿ ಆ ವೇಷವನ್ನು ಕಳಚಿಕೊಡುತ್ತದೆ.

ಪೆಟ್ಟಿಗೆಗಳ ಹೆಸರಿಗೆ ಮತ್ತೊಂದು ಬಗೆಯ ವೇಷ. ‘ಮನೆ’, ‘ಸಂಘ’ ಎಂದು ಕನ್ನಡದಲ್ಲಿ ಹೆಸರಿಟ್ಟವರ ಪೆಟ್ಟಿಗೆಗಳು ಐಮ್ಯಾಪ್‌ಲಿಬ್‌ನಲ್ಲಿ ಗುರುತೇ ಸಿಗದ ಅಕ್ಷರಗಳಾಗಿ ಕಾಣಬಹುದು. ಅದರ ಮೇಲೆ ಕಟ್ಟಿದ ‘ಐಮ್ಯಾಪ್‌ಕ್ಲೈಂಟ್’ ಎಂಬ ಲೈಬ್ರರಿ ಈ ಹೆಸರುಗಳನ್ನು ತಾನೇ ಬಿಡಿಸಿ ಕೊಡುತ್ತದೆ. ಹೊಸಬರಿಗೆ ಇದೇ ಹೆಚ್ಚು ಸಲೀಸು.

ಯಾರ ವಶದಲ್ಲಿ?

ಈಗ ಮುಖ್ಯ ಮಾತಿಗೆ ಬರೋಣ. ಪತ್ರ ಅಂಚೆ ಕಚೇರಿಯಲ್ಲೇ ಇರಲಿ ಎಂಬ ಪದ್ಧತಿಯಿಂದ ಆದ ಅನುಕೂಲ ಅಷ್ಟಿಷ್ಟಲ್ಲ. ಆದರೆ ಅದರ ಜೊತೆಗೇ ಒಂದು ಮೈಮರೆವು ಬಂದಿದೆ. ಫೋನಿನಲ್ಲಿ ಬೆರಳಾಡಿಸಿದೊಡನೆ ಹತ್ತು ವರ್ಷದ ಹಿಂದಿನ ಪತ್ರ ಕಾಣುವುದರಿಂದ ಅದು ನಮ್ಮ ಕೈಯಲ್ಲೇ ಇದೆಯೆಂದು ಭಾವಿಸುತ್ತೇವೆ. ಕೈಯಲ್ಲಿರುವುದು ಕಿಟಕಿ ಮಾತ್ರ. ಪತ್ರವಿರುವುದು ಮತ್ತೊಬ್ಬರ ಉಗ್ರಾಣದಲ್ಲಿ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಕಾಣುವುದರಿಂದ ಎರಡು ನಕಲು ಇವೆಯೆಂದು ಎಣಿಸುವುದು ಭ್ರಮೆ.

ಉಗ್ರಾಣದ ಒಡೆಯರಿಗೂ ತಮ್ಮ ನಿಯಮಗಳಿವೆ. 2004ರಲ್ಲಿ ಜಿಮೇಲ್ ಬಂದಾಗ ಒಂದು ಗಿಗಾಬೈಟ್ ಜಾಗ ಪುಕ್ಕಟೆ ಎಂದಿದ್ದು, ಇನ್ನು ಪತ್ರಗಳನ್ನು ಅಳಿಸುವ ಕಾಲವೇ ಮುಗಿಯಿತೆಂದು ಜನ ತಿಳಿದರು. 2023ರ ಮೇ ತಿಂಗಳಲ್ಲಿ ಅದೇ ಗೂಗಲ್ ಸಂಸ್ಥೆ, ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅವುಗಳಲ್ಲಿನ ಪತ್ರಗಳೊಡನೆ ಅಳಿಸಬಹುದೆಂದು ಪ್ರಕಟಿಸಿತು. ಆ ವರ್ಷದ ಡಿಸೆಂಬರಿನಿಂದ ಅದು ಜಾರಿಗೆ ಬಂದಿತು. ಇದರಲ್ಲಿ ಸಂಸ್ಥೆಯ ತಪ್ಪೆಂದು ಹೇಳಲಾಗದು. ಯಾರೂ ಬಾರದ ಕೋಣೆಗೆ ಎಷ್ಟು ಕಾಲ ದೀಪ ಹಚ್ಚಿಟ್ಟಾರು? ಆದರೆ ಎರಡು ವರ್ಷ ಬಳಸದೆ ಬಿಟ್ಟ ಖಾತೆ ಎಂಥದಿರಬಹುದೆಂದು ಯೋಚಿಸಿ. ತೀರಿಕೊಂಡ ತಂದೆಯದು. ಕಣ್ಣು ಮಂಜಾದ ಸೋದರಮಾವನದು. ನಿವೃತ್ತರಾಗಿ ಊರಿಗೆ ಮರಳಿದ ಹಳೆಯ ಕಾರ್ಯದರ್ಶಿಗಳದು.

ನಮ್ಮ ಬಹುತೇಕ ಸಂಘಗಳ ವ್ಯವಹಾರ ನಡೆಯುವುದು ಕಾರ್ಯದರ್ಶಿಗಳ ಸ್ವಂತ ಇ-ಮೇಲಿನಲ್ಲಿ. ನಾಟಕದ ತಂಡಕ್ಕೆ ಬರೆದ ಪತ್ರ, ಸಭಾಂಗಣದ ಬಾಡಿಗೆಯ ಕರಾರು, ದಾನಿಗಳ ಒಪ್ಪಿಗೆ, ಸ್ಮರಣ ಸಂಚಿಕೆಗೆ ಬಂದ ಲೇಖನಗಳು ಎಲ್ಲವೂ ಅಲ್ಲಿ. ಹಿಂದಿನವರು ಇದನ್ನೆಲ್ಲ ರಟ್ಟಿನ ಫೈಲಿನಲ್ಲಿ ಪೋಣಿಸಿಟ್ಟು, ಅಧಿಕಾರ ಬಿಡುವಾಗ ಹೊಸಬರ ಕೈಗೆ ಕೊಟ್ಟು ರಸೀತಿ ಪಡೆಯುತ್ತಿದ್ದರು. ಐವತ್ತು ವರ್ಷದ ಹಿಂದಿನ ಕಾಗದ ಗೆದ್ದಲು ತಿಂದೂ ಅರ್ಧ ಉಳಿದೀತು. ಹದಿನೈದು ವರ್ಷದ ಹಿಂದಿನ ಇ-ಮೇಲ್ ಉಳಿದರೆ ಪೂರ್ತಿ, ಹೋದರೆ ಪೂರ್ತಿ. ಸಂಘದ ಚರಿತ್ರೆ ಬರೆಯಲು ಹೊರಟವರಿಗೆ 1960ರ ದಶಕದ ಪತ್ರ ಸಿಕ್ಕಿ, 2010ರ ದಶಕದ್ದು ಸಿಗದೆ ಹೋದರೆ ಆಶ್ಚರ್ಯಪಡಬೇಕಾಗಿಲ್ಲ.

ಮಾಡಬೇಕಾದದ್ದು

ಪತ್ರಗಳು ಸರ್ವರಿನಲ್ಲೇ ಇರಲಿ. ಅವುಗಳ ಒಂದು ನಕಲು ಮನೆಯಲ್ಲೂ ಇರಲಿ. ನಾವು ಹೇಳಬೇಕೆಂದಿರುವುದು ಇಷ್ಟೇ. ಕ್ರಿಸ್ಪಿನ್ನರ ಪದ್ಧತಿಯೂ ಬೇಕು, ಹಳೆಯ ಚೀಲದ ಪದ್ಧತಿಯ ವಿವೇಕವೂ ಬೇಕು. ಈ ಲೈಬ್ರರಿಗಳು ಅದನ್ನು ಒಂದು ರಜೆಯ ದಿನದ ಕೆಲಸವಾಗಿ ಮಾಡಿವೆ. ಮಕ್ಕಳಿಗೆ ಹೇಳಬೇಕಾದ ನಾಲ್ಕು ಮಾತುಗಳಿವೆ.

ಮೊದಲನೆಯದು, ಪೆಟ್ಟಿಗೆಯನ್ನು ಓದಲಿಕ್ಕೆ ಮಾತ್ರ ತೆರೆಯಿರಿ. ‘ಸೆಲೆಕ್ಟ್’ ಎಂಬುದಕ್ಕೆ ಬದಲು ‘ಎಕ್ಸಾಮಿನ್’ ಎಂಬ ಆಜ್ಞೆಯಿದೆ. ಐಮ್ಯಾಪ್‌ಲಿಬ್‌ನಲ್ಲಿ ಪೆಟ್ಟಿಗೆ ತೆರೆಯುವಾಗ ‘ರೀಡ್‌ಓನ್ಲಿ’ ಎಂದರೆ ಸಾಕು. ಆಗ ಕಾರ್ಯಕ್ರಮದಲ್ಲಿ ದೋಷವಿದ್ದರೂ ಅದು ಏನನ್ನೂ ಅಳಿಸಲಾರದು. ಪತ್ರ ತರಿಸುವಾಗ ‘ಪೀಕ್’, ಅಂದರೆ ಇಣುಕಿ ನೋಡು, ಎಂಬ ಪದವನ್ನೂ ಸೇರಿಸಿರಿ. ಓದದ ಪತ್ರ ಓದದ್ದಾಗಿಯೇ ಉಳಿಯುತ್ತದೆ. ಅಪ್ಪ ನಾಳೆ ತೆರೆದಾಗ ಗಲಿಬಿಲಿಯಾಗುವುದಿಲ್ಲ.

ಎರಡನೆಯದು, ಸಾಮಾನ್ಯ ಪಾಸ್‌ವರ್ಡನ್ನು ಕಾರ್ಯಕ್ರಮದಲ್ಲಿ ಬರೆದಿಡಬೇಡಿ. ವೈಯಕ್ತಿಕ ಜಿಮೇಲ್ ಖಾತೆಗಳಿಗೆ ಹಾಗೆ ಬರಿಯ ಪಾಸ್‌ವರ್ಡಿನಿಂದ ಪ್ರವೇಶಿಸುವುದನ್ನು 2022ರ ಮೇ ತಿಂಗಳ ಕೊನೆಯಲ್ಲಿ ನಿಲ್ಲಿಸಲಾಯಿತು. ಎರಡು ಹಂತದ ಪರಿಶೀಲನೆಯನ್ನು ಏರ್ಪಡಿಸಿದ ಮೇಲೆ, ಇದೊಂದು ಕೆಲಸಕ್ಕೆಂದೇ ಹದಿನಾರು ಅಕ್ಷರದ ‘ಆ್ಯಪ್ ಪಾಸ್‌ವರ್ಡ್’ ಪಡೆಯಬಹುದು. ಕೆಲಸ ಮುಗಿದಮೇಲೆ ಅದನ್ನು ರದ್ದುಮಾಡಿರಿ. ಮನೆಯ ಬೀಗದ ಕೈ ಕೊಡುವ ಬದಲು ಹಿತ್ತಲ ಬಾಗಿಲಿನ ಕೈಯನ್ನು ಒಂದು ದಿನದ ಮಟ್ಟಿಗೆ ಕೊಟ್ಟಂತೆ.

ಮೂರನೆಯದು, ತಂದ ಪತ್ರವನ್ನು ಬಂದ ರೂಪದಲ್ಲೇ ಇರಿಸಿರಿ. ಬರಿಯ ಬರಹವನ್ನು ಕತ್ತರಿಸಿ ಇಟ್ಟರೆ ತಾರೀಖು, ವಿಳಾಸ, ಜೊತೆಗೆ ಬಂದ ಭಾವಚಿತ್ರ ಎಲ್ಲ ಹೋಗುತ್ತವೆ. ಇಡೀ ಪತ್ರವನ್ನು ‘ಇಎಂಎಲ್’ ಕಡತವಾಗಿಯೋ ‘ಎಂಬಾಕ್ಸ್’ ಎಂಬ ಕಟ್ಟಾಗಿಯೋ ಉಳಿಸಿದರೆ ಥಂಡರ್‌ಬರ್ಡಿನಂಥ ಕಾರ್ಯಕ್ರಮದಲ್ಲಿ ಯಾವಾಗಲಾದರೂ ತೆರೆಯಬಹುದು. ವರ್ಷಕ್ಕೊಂದು ಕಟ್ಟು ಮಾಡಿದರೆ ಹುಡುಕಲು ಹಿತ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಪರರ ಪತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆರೆಯಬಾರದು. ಅದು ತಂದೆಯದಾದರೂ ಸರಿ, ಹೆಂಡತಿಯದಾದರೂ ಸರಿ. ಕೀಲಿ ಇದೆಯೆಂಬುದು ಅಧಿಕಾರವಲ್ಲ. ಹಿರಿಯರು ಪಕ್ಕದಲ್ಲಿ ಕುಳಿತು, ಯಾವ ಪತ್ರ ಉಳಿಯಬೇಕು, ಯಾವುದು ಬೇಡವೆಂದು ತಾವೇ ಹೇಳಲಿ. ತಮ್ಮ ನಂತರ ಖಾತೆ ಯಾರ ಕೈಗೆ ಹೋಗಬೇಕೆಂಬುದನ್ನು ಮೊದಲೇ ಗೊತ್ತುಮಾಡುವ ಏರ್ಪಾಡು ಗೂಗಲಿನಲ್ಲಿ 2013ರಿಂದಲೂ ಇದೆ. ಉಯಿಲು ಬರೆದಿಟ್ಟವರೂ ಇದನ್ನು ಮರೆತಿರುತ್ತಾರೆ.

ಲೈಬ್ರರಿಯೂ ಶಾಶ್ವತವಲ್ಲ ಎಂಬುದನ್ನು ಹೇಳಿ ಮುಗಿಸುತ್ತೇವೆ. ಕ್ರಿಸ್ಪಿನ್ನರು ಮುಂದೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ ‘ಸಿ-ಕ್ಲೈಂಟ್’ ಎಂಬ ಐಮ್ಯಾಪ್ ಲೈಬ್ರರಿಯನ್ನು ಬರೆದರು. ಜಾಲತಾಣಗಳನ್ನು ಕಟ್ಟುವ ಪಿಎಚ್‌ಪಿ ಭಾಷೆಯ ಐಮ್ಯಾಪ್ ವಿಭಾಗ ನಿಂತದ್ದು ಅದರ ಮೇಲೆಯೇ. ಅವರು 2012ರಲ್ಲಿ ತೀರಿಕೊಂಡರು. ಆ ಲೈಬ್ರರಿಯನ್ನು ನೋಡಿಕೊಳ್ಳುವವರು ಇಲ್ಲವಾಗಿ, 2024ರಲ್ಲಿ ಬಂದ ಪಿಎಚ್‌ಪಿಯ 8.4ನೆಯ ಆವೃತ್ತಿಯಲ್ಲಿ ಅದನ್ನು ಅವಲಂಬಿಸಿದ ವಿಭಾಗವನ್ನು ಮೂಲದಿಂದ ಹೊರಗಿಟ್ಟರು. ಐಮ್ಯಾಪ್‌ಲಿಬ್‌ನ ಕಥೆ ಬೇರೆ. ಹೊಸ ಪತ್ರ ಬಂದೊಡನೆ ಸರ್ವರೇ ತಿಳಿಸುವ ‘ಐಡ್ಲ್’ ಎಂಬ ಸೌಕರ್ಯ 1997ರಲ್ಲಿಯೇ ಕಟ್ಟಳೆಯಾಗಿದ್ದರೂ ಈ ಲೈಬ್ರರಿಗೆ ಬಂದದ್ದು 2025ರಲ್ಲಿ. ಇಪ್ಪತ್ತೆಂಟು ವರ್ಷ ತಡವಾಯಿತು, ನಿಜ, ಆದರೆ ಬಂದಿತು. ಅದನ್ನು ಸೇರಿಸುವಷ್ಟು ಆಸ್ಥೆಯುಳ್ಳವರು ಯಾರೋ ಇದ್ದರು. ಸಂಘದ ಗಾಜಿನ ಕಪಾಟಿನ ಲೈಬ್ರರಿಯೂ ಬದುಕಿರುವುದು, ಭಾನುವಾರ ಬಂದು ಧೂಳು ಕೊಡವುವ ಒಬ್ಬರು ಇರುವುದರಿಂದಲೇ.

ಈ ದೀಪಾವಳಿಯ ರಜೆಯಲ್ಲಿ ಮನೆಯ ಹಿರಿಯರೊಬ್ಬರೂ ಕಿರಿಯರೊಬ್ಬರೂ ಒಂದು ಮಧ್ಯಾಹ್ನ ಜೊತೆಯಾಗಿ ಕುಳಿತು ಈ ಕೆಲಸವನ್ನು ಮುಗಿಸಲಿ. ಸಂಘದ ಪದಾಧಿಕಾರಿಗಳು ಮುಂದಿನ ವಾರ್ಷಿಕ ಸಭೆಗೆ ಮೊದಲು, ಸಂಘದ ಹೆಸರಿನಲ್ಲೇ ಒಂದು ಖಾತೆ ತೆರೆದು, ಹಳೆಯ ಕಾರ್ಯದರ್ಶಿಗಳು ಒಪ್ಪಿ ಕೊಟ್ಟ ಪತ್ರಗಳ ನಕಲನ್ನು ಲೆಕ್ಕಪತ್ರದ ಜೊತೆಗೆ ಇರಿಸಲಿ. ಕೊಟ್ಟವರಿಗೆ, ಹಿಂದಿನ ರೂಢಿಯಂತೆ, ಒಂದು ರಸೀತಿಯನ್ನೂ ಕೊಡಲಿ.